ಕಣ್ಣು ತೆರೆಸುವ ಸಾಯಬಣ್ಣ

ಚಿತ್ತಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಾಯಬಣ್ಣನ ಫೋಟೋ ಸ್ಟುಡಿಯೋ ಇತ್ತು. ಮದುವೆ, ಜವಳ, ಪಾಸ್‌ಪೋರ್ಟ್ ಫೋಟೋಗಳಿಗೆ ಊರಲ್ಲಿ ಬೇರೆಯವರೂ ಇದ್ದರು. ಆದರೆ ಮನೆಯಲ್ಲಿ ಸಾವಾದರೆ ಜನ ಸಾಯಬಣ್ಣನನ್ನೇ ಕರೆಯುತ್ತಿದ್ದರು. ಆ ಕಡೆಯ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಕೂತ ಹಾಗೇ ಹೂವು, ಕೂತ ಹಾಗೇ ಭಜನೆ, ಕೂತ ಹಾಗೇ ಮಣ್ಣು. ಹೊಲ ಮನೆ ಎನ್ನುವುದರಲ್ಲೇ ಜೀವ ಸವೆಸಿದ ಎಷ್ಟೋ ಮುದುಕಿಯರಿಗೆ ಅದೇ ಮೊದಲ ಫೋಟೋ. ಮತದಾರರ ಚೀಟಿಯ ಮೇಲೊಂದು ಇರುತ್ತಿತ್ತು ನಿಜ, ಆದರೆ ಅದು ಎಷ್ಟು ಕಪ್ಪಾಗಿರುತ್ತಿತ್ತೆಂದರೆ ಅತ್ತೆಯದೋ ಸೊಸೆಯದೋ ಹೇಳಲು ಬರುತ್ತಿರಲಿಲ್ಲ. ಹೀಗಾಗಿ ಕ್ಯಾಮೆರಾ ಚೀಲಕ್ಕೆ ಹಾಕುವಾಗ ಮನೆಯವರು ಯಾರಾದರೂ ಬಂದು ಒಂದೇ ಮಾತು ಹೇಳುತ್ತಿದ್ದರು: "ಸಾಯಬಣ್ಣ, ಕಣ್ಣು ತೆರಿಸಿ ಕೊಡು."

ಕಣ್ಣು ತೆರೆಸುವುದರಲ್ಲೇ ಅವನು ಹೆಸರು ಮಾಡಿದ್ದ. ಅಪ್ಪ ಶಹಾಬಾದಿನ ಕಲ್ಲುಗಣಿಯಲ್ಲಿ ಫರಸಿ ಕಡಿಯುತ್ತಿದ್ದ ಕಾಲದಲ್ಲಿ ಮಗ ಅಲ್ಲಿಯೇ ಬಂದೇನವಾಜ್ ಮಾಸ್ತರರ ಸ್ಟುಡಿಯೋ ಸೇರಿ ಕುಂಚ ಹಿಡಿಯುವುದನ್ನು ಕಲಿತ. ನಾಲ್ಕೆಂಟು ಕೂದಲಿನ ಸಣ್ಣ ಕುಂಚದಲ್ಲಿ, ಉಸಿರು ಬಿಗಿಹಿಡಿದು, ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯಬೇಕು. ಕೈ ನಡುಗಿ ಕಣ್ಣು ಓರೆಯಾದರೆ ಮಾಸ್ತರರು ಬೈಯುತ್ತಿರಲಿಲ್ಲ. "ಪ್ರಿಂಟ್ ಕೆಟ್ಟರ ಕೆಡ್ಲಿ, ಅಂಜಬ್ಯಾಡ. ನೆಗೆಟಿವ್ ಡಬ್ಬ್ಯಾಗ ಭದ್ರ ಅದ. ಇನ್ನೊಂದು ತೆಗದು ಕುಂದ್ರು" ಎನ್ನುತ್ತಿದ್ದರು. ಮುಂದೆ ಚಿತ್ತಾಪುರದಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೂ ಸಾಯಬಣ್ಣ ಬದುಕಿದ್ದು ಈ ಧೈರ್ಯದ ಮೇಲೆಯೇ. ಮೇಲೆ ಏನೇ ಕೆಟ್ಟರೂ ಕೆಳಗೆ ಮೂಲದ್ದು ಒಂದು ಇದ್ದೇ ಇರುತ್ತದೆ.

ಎರಡು ಸಾವಿರದ ಮೂರರ ಹೊತ್ತಿಗೆ ಜನ ಕುಂಚದ ಕಣ್ಣಿಗೆ ಮೂಗು ಮುರಿಯತೊಡಗಿದರು. ಸೇಡಂನಲ್ಲಿ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಜೀವ ಬಂದಂತೆ ಕಾಣುತ್ತದೆ ಎಂಬ ಮಾತು ಹರಡಿತು. ಸಾಯಬಣ್ಣ ಕೆಲವು ತಿಂಗಳು ಮುಖ ಗಂಟಿಕ್ಕಿಕೊಂಡು ಓಡಾಡಿ, ಕೊನೆಗೆ ವಾಡಿ ಸ್ಟೇಷನ್ ಎದುರಿನ ಲಾಲ್ ಅಹ್ಮದನ ಅಂಗಡಿಯಿಂದ ಕಂಪ್ಯೂಟರು, ಫೋಟೋಶಾಪು, ಒಂದು ಡಿಜಿಟಲ್ ಕ್ಯಾಮೆರಾ ತಂದು ಕೂಡಿಸಿದ. ವಯಸ್ಸು ಐವತ್ತರ ಹತ್ತಿರ ಬಂದಿತ್ತು. ಇಂಗ್ಲಿಷು ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ.

ಮೊದಲ ಸಲ ಕಂಪ್ಯೂಟರು ಕೈಕೊಟ್ಟಾಗ ಅವನು ಮಾನಿಟರನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಪ್ಯಾಸೆಂಜರ್ ರೈಲಿನಲ್ಲಿ ವಾಡಿಗೆ ಒಯ್ದ. ಫೋಟೋ ಕಾಣುವುದು ಅದರಲ್ಲಿ ತಾನೇ? ಫೋಟೋ ಇರುವುದು ಕೆಳಗಿನ ಡಬ್ಬಿಯಲ್ಲಿ ಎಂದು ಯಾರೂ ಹೇಳಿರಲಿಲ್ಲ. ಲಾಲ್ ಅಹ್ಮದ ನಗು ತಡೆದುಕೊಂಡು ಚಹಾ ಕುಡಿಸಿ ಕಳಿಸಿದ. ಅಂದಿನಿಂದ ಇಬ್ಬರ ನಡುವೆ ಫೋನಿನ ಪಾಠ ಶುರುವಾಯಿತು.

"ಲಾಲ್ಯಾ, ಬ್ರಶ್ ಹೊಡದ್ರ ಬಣ್ಣ ಬೀಳವಲ್ದೋ."

"ಕಾಕಾ, ಫೋಟೋದ ಮ್ಯಾಲ ಎಲ್ಲರ ಇರವಿ ಸಾಲಿನಂಗ ಗೆರಿ ಓಡಾಕತ್ತದೇನ್ ನೋಡ್ರಿ."

"ಹೌದೋ, ಮೂಲ್ಯಾಗ ಇಷ್ಟೇ ಇಷ್ಟು ಓಡಾಕತ್ತದ."

"ಆ ಗೆರಿ ಒಳಗಷ್ಟೇ ಬಣ್ಣ ಬೀಳ್ತದ. ಕಂಟ್ರೋಲ್ ಒತ್ತಿ ಹಿಡದು ಡಿ ಹೊಡೀರಿ."

"ಹೋತು! ಈಗ ಬಿತ್ತು ನೋಡು ಬಣ್ಣ. ತಡಿ, ಮತ್ತೊಂದು ಪಾಟಿ ಬಂದದ. ಇಂಗ್ಲೀಷ್ನಾಗ ಏನೋ ಬರದದ."

"ಓದ್ರಿ ಕಾಕಾ."

"ಓದಾಕ ಬಂದಿದ್ರ ನಿನಗ್ಯಾಕ ಫೋನ್ ಮಾಡ್ತಿದ್ದೆ?"

ಕರೆಂಟು ಹೋಗಿ ಕೆಲಸವೆಲ್ಲ ಅಳಿಸಿಹೋಗುತ್ತದೆ ಎಂದು ಗೋಳಾಡಿದಾಗ ಲಾಲ್ ಅಹ್ಮದ ಒಂದು ಮದ್ದು ಹೇಳಿಕೊಟ್ಟ: "ಗಳಿಗಿಗೊಮ್ಮೆ ಸೇವ್ ಹೊಡೀರಿ ಕಾಕಾ. ಎಡಗೈ ಅಲ್ಲೇ ಇರ್ಲಿ." ಸಾಯಬಣ್ಣ ಅದನ್ನು ವ್ರತದಂತೆ ಹಿಡಿದ. ಒಂದು ಗೆರೆ ಎಳೆದರೆ ಒಂದು ಸೇವ್, ಕೆಮ್ಮು ಬಂದರೂ ಒಂದು ಸೇವ್. ಸೇವ್ ಹೊಡೆದರೆ ತನ್ನ ಕೆಲಸ ಉಳಿಯುತ್ತದೆ, ಮೂಲದ ಫೋಟೋ ಹೇಗೂ ಅಡಿಯಲ್ಲಿ ನೆಗೆಟಿವಿನಂತೆ ತಣ್ಣಗಿರುತ್ತದೆ ಎಂದು ನಂಬಿದ್ದ. ಇಪ್ಪತ್ತು ವರ್ಷ ನೆಗೆಟಿವ್ ಡಬ್ಬಿ ಕಾಯ್ದವನಿಗೆ ಬೇರೆ ಹೇಗೆ ಅನ್ನಿಸಬೇಕು?

ಕಣ್ಣು ತೆರೆಸುವುದಂತೂ ಈಗ ನೀರು ಕುಡಿದಷ್ಟು ಸುಲಭವಾಯಿತು. ಸೇಡಂನ ನಿವೃತ್ತ ಶಿಕ್ಷಕಿ ಅನಸೂಯಾಬಾಯಿ ಪಿಂಚಣಿ ಕೆಲಸಕ್ಕೆಂದು ಒಮ್ಮೆ ಇಲ್ಲಿ ಫೋಟೋ ತೆಗೆಸಿದ್ದರು. ವೈಷ್ಣವರ ಮನೆಯ ಹೆಣ್ಣುಮಗಳು, ತಿಳಿಯಾದ ದೊಡ್ಡ ಕಣ್ಣು. ಸಾಯಬಣ್ಣ ಆ ಕಣ್ಣುಗಳನ್ನು ಬೇರೆಯಾಗಿ ಕತ್ತರಿಸಿ ಇಟ್ಟುಕೊಂಡ. ಯಾವ ಅಜ್ಜಿ ಹೋದರೂ ಅವೇ ಕಣ್ಣು ಅಂಟಿಸಿ, ಬಣ್ಣ ಹೊಂದಿಸಿ ಕೊಡುತ್ತಿದ್ದ. ಜನ ಹಿಗ್ಗುತ್ತಿದ್ದರು. ಅನಸೂಯಾಬಾಯಿ ಸೇಡಂನಲ್ಲಿ ಗಟ್ಟಿಮುಟ್ಟಾಗಿ ತುಳಸಿಕಟ್ಟೆ ಸುತ್ತುತ್ತಿದ್ದರು. ಇತ್ತ ಚಿತ್ತಾಪುರ ತಾಲೂಕಿನ ಎಷ್ಟೋ ಪಡಸಾಲೆಗಳ ಗೋಡೆಯಿಂದ ಅವರ ಕಣ್ಣು ಮಂದಿಯ ಸಂಸಾರ ನೋಡುತ್ತಿದ್ದವು.

ಮರುವರ್ಷ ದಂಡೋತಿಯಲ್ಲಿ ನೀಲಾಬಾಯಿ ತೀರಿಕೊಂಡಳು. ಸಾಯಬಣ್ಣ ಹೋದಾಗ ಮುದುಕಿಯನ್ನು ಕೂಡಿಸಿ ಆಗಿತ್ತು. ಹಣೆ ತುಂಬ ವಿಭೂತಿ, ಒಳಗೆ ಇಳಿದ ಕಣ್ಣು, ಮುಖದ ತುಂಬ ಸಿಡುಬಿನ ಕಲೆ. ಎರಡೂ ಕೈ ಮಡಿಲಲ್ಲಿದ್ದವು. ಮಗಳು ಭಾಗ್ಯಜ್ಯೋತಿ ಪಕ್ಕದಲ್ಲಿ ಕುಸಿದು ಕೂತಿದ್ದಳು, ಅವಳು ತವರಿನಲ್ಲೇ ಇದ್ದು ತಾಯಿಯನ್ನು ನೋಡಿಕೊಂಡವಳು. ಮಗ ಸಂಗಮೇಶ್ವರ ಚಿಂಚೋಳಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅವನು ಸಾಯಬಣ್ಣನನ್ನು ಹೊರಗೆ ಕರೆದು, "ಕಣ್ಣು ತೆರಿಸಿ ಕೊಡ್ರಿ. ಭಾಳ ಚಂದ ಬರಬೇಕು" ಎಂದ.

ಸಾಯಬಣ್ಣ ಮನಸ್ಸಿಟ್ಟು ಕೆಲಸ ಮಾಡಿದ. ಅನಸೂಯಾಬಾಯಿಯ ಕಣ್ಣು ಕೂಡಿಸಿದ. ಅಷ್ಟಕ್ಕೇ ಬಿಡದೆ, ತಾನಾಗಿಯೇ ಸಿಡುಬಿನ ಕಲೆಗಳನ್ನೂ ಒಂದೊಂದಾಗಿ ಒರೆಸಿ ಕೆನ್ನೆಯನ್ನು ನುಣ್ಣಗೆ ಮಾಡಿದ. ಗೆರೆಗೊಂದು ಸೇವ್ ಹೊಡೆದ. ಸಂಗಮೇಶ್ವರ ಬಂದು, ನೋಡಿ, ಕಟ್ಟು ಹಾಕಿದ ಫೋಟೋ ಒಯ್ದ. ಸಾಯಬಣ್ಣ ಕ್ಯಾಮೆರಾದ ಕಾರ್ಡು ಖಾಲಿ ಮಾಡಿ, ಯಾರದೋ ಹೊಸ ಟ್ರ್ಯಾಕ್ಟರಿನ ಪೂಜೆಗೆ ಹೋದ.

ಮರುದಿನವೇ ಭಾಗ್ಯಜ್ಯೋತಿ ಆ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸ್ಟುಡಿಯೋಕ್ಕೆ ಬಂದಳು.

"ಅಣ್ಣಾರೆ, ಇದು ಯಾರ ಫೋಟೋರಿ?"

ಸಾಯಬಣ್ಣ ಗಾಬರಿಯಾದ. "ನಿಮ್ಮವ್ವಂದೇ ತಂಗಿ. ಕಣ್ಣು ತೆರಿಸೀನಿ ನೋಡು."

"ನಮ್ಮವ್ವಗ ಸಣ್ಣಾಕಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ವುರಿ. ಆಕಿ ಕಣ್ಣು ತೆರದದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ಆ ಮುಚ್ಚಿದ ಕಣ್ಣು, ಆ ಕಲಿ, ಅದೇರಿ ನಮ್ಮವ್ವ ಅಂದ್ರ. ಇಕಿ ಯಾರೋ ಏನೋ. ಗ್ವಾಡಿಗೆ ಹಾಕಿದ್ರ ನನಗ ಅಂಜಿಕಿ ಬರ್ಲಿಕತ್ತದ." ಅವಳು ಕಣ್ಣೊರೆಸಿಕೊಂಡಳು. "ಅವತ್ತು ತೆಗದಿದ್ರಲ್ಲ, ಹಾಂಗೇ ಇದ್ದದ್ದು ಒಂದು ಕೊಡ್ರಿ. ಬ್ಯಾರೆ ಫೋಟೋ ಒಂದೂ ಇಲ್ರಿ ನಮ್ಮನ್ಯಾಗ."

"ಅದಕ್ಕೇನು, ಕುಂದ್ರು" ಎಂದು ಸಾಯಬಣ್ಣ ಕಂಪ್ಯೂಟರ್ ಹಚ್ಚಿದ. ಅವನಿಗೆ ನಾಚಿಕೆಯಾಗಿತ್ತು, ಹೆದರಿಕೆ ಇನ್ನೂ ಆಗಿರಲಿಲ್ಲ. ಫೋಟೋ ತೆರೆದ. ಅನಸೂಯಾಬಾಯಿಯ ಕಣ್ಣು. ಹಿಂದಕ್ಕೆ ಹೋಗುವ ಗುಂಡಿ ಒತ್ತಿದ, ಅದು ಹಿಂದಕ್ಕೆ ಹೋಗಲಿಲ್ಲ. ಇನ್ನೊಂದು ಸಲ ಮುಚ್ಚಿ ತೆರೆದ. ಅವೇ ಕಣ್ಣು ಅವನನ್ನೇ ನೋಡುತ್ತಿದ್ದವು. ಫೋನ್ ಎತ್ತಿಕೊಂಡ.

"ಲಾಲ್ಯಾ, ಫೋಟೋದ ಅಡ್ಯಾಗ ಮೊದಲಿಂದು ಇರ್ತದಲ್ಲ, ಅದು ತೆಗಿಯೋದು ಹ್ಯಾಂಗೋ?"

"ಬ್ಯಾರೆ ಹೆಸರಿನ್ಯಾಗ ಇಟ್ಟಿದ್ರೇನ್ ಕಾಕಾ?"

"ಇಲ್ಲ. ನೀ ಹೇಳಿದಂಗ ಸೇವ್ ಹೊಡೀತಾ ಹೋದೆ."

"ಯಾ ಅಲ್ಲಾ. ಅಡ್ಯಾಗ ಏನೂ ಇರಂಗಿಲ್ಲ ಕಾಕಾ. ಸೇವ್ ಹೊಡದ್ರ ಮ್ಯಾಲಿಂದೇ ಖಾಯಂ. ನಾ ಇದು ಪೈಲಾ ಹೇಳಬೇಕಿತ್ತು."

ಸಾಯಬಣ್ಣ ಫೋನನ್ನು ಕಿವಿಯಿಂದ ಇಳಿಸಿದ. ಬದುಕಿದ್ದವರ ಮುಖ ಕೆಡಿಸಿದರೆ ಕ್ಷಮೆ ಕೇಳಬಹುದು, ಇನ್ನೊಮ್ಮೆ ಕರೆದು ಕೂಡಿಸಬಹುದು. ಮಣ್ಣಾದವಳನ್ನು ಎಲ್ಲಿಂದ ಕರೆಯುವುದು? ಲಾಲ್ ಅಹ್ಮದ ಫೋನಿನಲ್ಲಿ ಕೂಗುತ್ತಿದ್ದ: "ಕಾಕಾ, ಕ್ಯಾಮೆರಾದ ಕಾರ್ಡ್ ಅದ ಏನ್ರಿ? ಖಾಲಿ ಮಾಡಿದ್ರೂ ಅದರಾಗ ಸುಳಿವು ಉಳಿತದ. ಇನ್ನೊಂದು ಫೋಟೋ ಸುದ್ದಾ ಹೊಡೀಬ್ಯಾಡ್ರಿ. ಡಬ್ಬಿ, ಕಾರ್ಡು ಎರಡೂ ತಗೊಂಡ್ ಬರ್ರಿ. ಮಾನಿಟರ್ ಬ್ಯಾಡ."

ಸಾಯಬಣ್ಣ ಭಾಗ್ಯಜ್ಯೋತಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬರೀ, "ಸಿಗ್ತದೇನ್ರಿ?" ಎಂದಳು.

ವಾಡಿಯವರೆಗೂ ಅವನು ಅಂಗಿಯ ಕಿಸೆಯಲ್ಲಿದ್ದ ಕಾರ್ಡನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಲಾಲ್ ಅಹ್ಮದ ಗಿರಾಕಿಗಳನ್ನೆಲ್ಲ ಆಚೆ ಕೂಡಿಸಿ, ಅಳಿಸಿದ ಫೋಟೋ ಹುಡುಕುವ ಸಾಫ್ಟ್‌ವೇರ್ ಹಚ್ಚಿದ. ಟ್ರ್ಯಾಕ್ಟರು ಬಂತು. ಟ್ರ್ಯಾಕ್ಟರಿನ ಮುಂದಿನ ತೆಂಗಿನಕಾಯಿ ಬಂತು. ಯಾರದೋ ಪಾಸ್‌ಪೋರ್ಟ್ ಫೋಟೋ ಬಂತು. ಕೊನೆಗೆ ಮೇಲಿನಿಂದ ಮೆಲ್ಲಗೆ ಒಂದು ಗೋಡೆ, ವಿಭೂತಿಯ ಹಣೆ, ಮುಚ್ಚಿದ ಕಣ್ಣು, ಕಲೆಗಳ ಕೆನ್ನೆ ಇಳಿದು ಬಂದವು. ಗದ್ದದ ಕೆಳಗೆ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಬರೀ ಬೂದಿ ಬಣ್ಣ. ಉಳಿದದ್ದನ್ನು ಟ್ರ್ಯಾಕ್ಟರು ತುಳಿದು ಹೋಗಿತ್ತು.

"ಅರ್ಧಾನೇ ಬಂತು ಕಾಕಾ" ಎಂದು ಲಾಲ್ ಅಹ್ಮದ ತಲೆ ತಗ್ಗಿಸಿದ.

ಸಾಯಬಣ್ಣ ಪರದೆಯನ್ನೇ ನೋಡುತ್ತಿದ್ದ. "ಗದ್ದದ ಕೆಳಗಿಂದು ನನ್ನ ಡಬ್ಬ್ಯಾಗ ಅದಲ್ಲೋ. ಮಾರಿ ಅಷ್ಟೇ ಕೆಡಸೀನಿ ನಾನು. ಸೀರಿ, ಸರ, ಕೈ ಮುಟ್ಟೇ ಇಲ್ಲ."

ಲಾಲ್ ಅಹ್ಮದ ಕುರ್ಚಿ ಬಿಟ್ಟು ಎದ್ದ. "ಹಂಗಾದ್ರ ನೀವೇ ಮಾಡ್ರಿ. ನಾ ಹೇಳ್ತೀನಿ. ಮೊದಲು ಬ್ಯಾರೆ ಹೆಸರು ಕೊಡ್ರಿ." ಎರಡೂ ಫೋಟೋಗಳನ್ನು ಒಂದರ ಮೇಲೊಂದು ಗಾಜು ಇಟ್ಟಂತೆ ಇಡುವುದನ್ನು, ಮೇಲಿನದನ್ನು ತೆಳುವಾಗಿಸಿ ಗದ್ದಕ್ಕೆ ಗದ್ದ ಕೂಡಿಸುವುದನ್ನು, ಬೂದಿಯನ್ನು ಒರೆಸುವುದನ್ನು ಹೇಳಿಕೊಟ್ಟ. ಇಷ್ಟು ದಿನ ಫೋನಿನಲ್ಲಿ ತಲೆಗೆ ಹತ್ತದ ಪಾಠ ಅವತ್ತು ಹತ್ತಿತು. ಎಡಗೈ ಅಭ್ಯಾಸಬಲದಿಂದ ಸೇವ್ ಕಡೆಗೆ ಹೋದಾಗಲೆಲ್ಲ ಸಾಯಬಣ್ಣ ಅದನ್ನು ಹಿಂದಕ್ಕೆ ಎಳೆದುಕೊಂಡು ಹೆಸರು ನೋಡುತ್ತಿದ್ದ. ಮುದುಕಿಯ ಮುಖಕ್ಕೆ ಒಂದು ಚುಕ್ಕೆಯನ್ನೂ ಸೇರಿಸಲಿಲ್ಲ, ಒಂದು ಚುಕ್ಕೆಯನ್ನೂ ತೆಗೆಯಲಿಲ್ಲ.

ಭಾನುವಾರ ಅಣ್ಣ ತಂಗಿ ಇಬ್ಬರೂ ಬಂದರು. ಸಾಯಬಣ್ಣ ಕಾಗದ ಬಿಚ್ಚಿ ಫೋಟೋ ಮೇಜಿನ ಮೇಲಿಟ್ಟ. ಭಾಗ್ಯಜ್ಯೋತಿ ಬಾಗಿ ನೋಡಿ, "ಬಂದಿ ಏನವ್ವಾ" ಎಂದಳು, ಅಷ್ಟೇ. ಸಂಗಮೇಶ್ವರ ದೂರವೇ ನಿಂತಿದ್ದ.

"ತಪ್ಪು ನಂದೇರಿ" ಎಂದು ಅವನು ಮೆಲ್ಲಗೆ ಹೇಳಿದ. "ಗೊತ್ತಿದ್ದೇ ತೆರಸಾಕ ಹೇಳಿದ್ದೆ. ಫೋಟೋದಾಗರ ಅವ್ವ ಒಂದ್ಸಲ ನನ್ನ ನೋಡ್ಲಿ ಅನಿಸ್ತು."

"ಯಾರ ಕಣ್ಣಿಂದ ಅಣ್ಣಾ?" ಎಂದಳು ಭಾಗ್ಯಜ್ಯೋತಿ.

ಸಾಯಬಣ್ಣ ತಲೆ ಎತ್ತಲಿಲ್ಲ. ಅವಳು ಅಣ್ಣನ ತೋಳು ಹಿಡಿದು ಹತ್ತಿರ ಎಳೆದು, ಫೋಟೋದ ಕೆಳಗಡೆ, ಮಡಿಲಲ್ಲಿದ್ದ ಕೈಗಳನ್ನು ತೋರಿಸಿದಳು. "ಅವ್ವ ನಿನ್ನ ಈ ಕೈಯಿಂದ ನೋಡ್ಯಾಳ. ಚಿಂಚೋಳಿಯಿಂದ ನೀ ಬಂದಾಗೆಲ್ಲ ಮಾರಿ ಮ್ಯಾಲ ಕೈ ಆಡಿಸಿ, ಬಾಡಿ ಹೋಗೀದಿ ಮಗನ, ಊಟ ಮಾಡಂಗಿಲ್ಲೇನ್ ಅಂತಿದ್ಲಲ್ಲ. ಕಣ್ಣಿದ್ದ ನನಗ ಗೊತ್ತಾಗ್ತಿದ್ದಿಲ್ಲ ಅದು."

ಸಂಗಮೇಶ್ವರ ಗಾಜಿನ ಮೇಲೆ, ಆ ಕೈಗಳಿದ್ದಲ್ಲಿ, ತನ್ನ ಅಂಗೈ ಇಟ್ಟು ಚಿಕ್ಕ ಹುಡುಗನಂತೆ ಅತ್ತುಬಿಟ್ಟ. ಸಾಯಬಣ್ಣನೂ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಊರವರ ಕಣ್ಣು ತೆರೆಸುತ್ತ ಇಷ್ಟು ವರ್ಷ ಕಳೆದರೂ, ಇದ್ದಾಗ ಆ ಕಣ್ಣು ಹೇಗಿದ್ದವು ಎಂದು ಒಂದು ಮನೆಯಲ್ಲಿಯೂ ತಾನು ಕೇಳಿರಲಿಲ್ಲವಲ್ಲ ಎಂಬುದು ಅವನನ್ನು ಚುಚ್ಚಿತು.

ಅವರು ಹೋದ ಮೇಲೆ ಅವನು ವಾಡಿಗೆ ಫೋನ್ ಮಾಡಿದ.

"ಲಾಲ್ಯಾ, ಒಂದು ಫೈಲು ಮತ್ತ ಎಂದೂ ಸಿಗಬಾರದು, ಹಂಗ ಅಳಸೋದು ಹ್ಯಾಂಗೋ?"

"ಅಯ್ಯ, ಯಾವುದು ಕಾಕಾ?"

"ಅನಸೂಯಾಬಾಯೋರ ಕಣ್ಣು" ಎಂದ ಸಾಯಬಣ್ಣ. "ಅವರವು ಅವರಿಗೇ ಇರ್ಲಿ."