ಬೆದೆಯ ಸುದ್ದಿ ಯಾರು ಹೇಳಬೇಕು

ನಮ್ಮ ಮನೆಯಲ್ಲಿ ದನ ಬೆದೆಗೆ ಬಂದರೆ ಆ ಸುದ್ದಿ ಮೂರು ಬಾಯಿ ದಾಟಬೇಕು. ದನದ ಹಟ್ಟಿಯಲ್ಲಿ ಮೊದಲು ನೋಡುವವಳು ನಾನು. ನಾನು ಅತ್ತೆಗೆ ಹೇಳಬೇಕು, ಅದೂ ಬಿಡಿಸಿ ಅಲ್ಲ, "ಕೆಂಪು ದನ ಕೂಗ್ತಾ ಉಂಟು" ಎಂದಷ್ಟೇ. ಅತ್ತೆ ಮಾವನಿಗೆ ಹೇಳಬೇಕು, ಮಾವ ನನ್ನ ಗಂಡನಿಗೆ. ಗಂಡ ಗಬ್ಬದ ಇಂಜೆಕ್ಷನ್ ಕೊಡುವವರಿಗೆ ಫೋನ್ ಮಾಡಬೇಕು. ಹೊರಗಿನ ಗಂಡಸಿನ ಹತ್ತಿರ ಹೆಂಗಸರು ಅಂಥ ಮಾತು ಆಡುವುದು ಮರ್ಯಾದೆಯಲ್ಲವಂತೆ. ಸೆಗಣಿ ಬಾಚುವುದು, ಕರು ಅಡ್ಡ ಬಂದಾಗ ಮೊಣಕೈವರೆಗೆ ರಕ್ತ ಮಾಡಿಕೊಂಡು ಎಳೆಯುವುದು, ಇದೆಲ್ಲ ಮರ್ಯಾದೆಗೆ ಅಡ್ಡಿಯಿಲ್ಲ.

ಕೆಂಪು ದನ ಎರಡು ಕರು ಹಾಕಿದ್ದು. ಜೆರ್ಸಿ ಅಡ್ಡತಳಿ, ಸಾಧು. ಎರಡನೆಯ ಕರು ಹಾಕಿದ ಮೇಲೆ ಅದು ಮೊದಲ ಸಲ ಬೆದೆಗೆ ಬಂದದ್ದು ಒಂದು ಬೆಳಿಗ್ಗೆ. ಹಾಲು ಕಡಿಮೆ ಕೊಟ್ಟಿತು, ನಿಂತಲ್ಲಿ ನಿಲ್ಲಲಿಲ್ಲ, ಬಾಲದ ಬುಡದಲ್ಲಿ ಲೋಳೆ ತೂಗುತ್ತಿತ್ತು. ಕೂಡಲೇ ಅತ್ತೆಗೆ ಹೇಳಿದೆ. ಅತ್ತೆ ಮಾವನಿಗೆ ಹೇಳುವಷ್ಟರಲ್ಲಿ ಗಂಡ ಮೂಡಬಿದಿರೆಯ ಪೈಂಟ್ ಅಂಗಡಿಗೆ ಹೋಗಿ ಆಗಿತ್ತು. "ಫೋನ್ ಮಾಡಿ ಹೇಳುವ ಅಲ್ವಾ ಮಾವ" ಎಂದೆ. "ಅಂಗಡಿಯಲ್ಲಿ ಗಿರಾಕಿಗಳು ಇರ್ತಾರೆ. ಇಂಥದ್ದೆಲ್ಲ ಫೋನಿನಲ್ಲಿ ಹೇಳ್ಲಿಕ್ಕೆ ಉಂಟಾ" ಎಂದರು. ಗಂಡ ಮನೆಗೆ ಬಂದು ಊಟ ಮಾಡಿ ಫೋನ್ ಮಾಡಿದರು. ಇಂಜೆಕ್ಷನಿನವರು ಬಂದದ್ದು ಮರುದಿನ ಮಧ್ಯಾಹ್ನ. ದನ ಆಗಲೇ ಎಲ್ಲ ಮರೆತು ತಣ್ಣಗೆ ಮೆಲುಕು ಹಾಕುತ್ತಿತ್ತು. ಆದರೂ ಕೊಟ್ಟು ಹೋದರು. ಗಬ್ಬ ನಿಲ್ಲಲಿಲ್ಲ.

ಮೂರು ವಾರ ಬಿಟ್ಟು ಪುನಃ ಅದೇ ಕಥೆ. ಅದರ ಮೂರು ವಾರಕ್ಕೆ ಪುನಃ.

ಆ ನಡುವೆ ಸಿದ್ಧಕಟ್ಟೆಯ ಹತ್ತಿರ ಡೈರಿಗೆ ಹಾಲು ಹಾಕುವವರಿಗೆ ಒಂದು ತರಬೇತಿ ಇತ್ತು. ಕುರ್ಚಿಯಲ್ಲಿ ಕೂತವರೆಲ್ಲ ಗಂಡಸರು. ನಾನು ಹಾಲಿನ ಕ್ಯಾನ್ ಹಿಡಿದು ಬಾಗಿಲಲ್ಲಿ ನಿಂತೆ. ದನದ ಡಾಕ್ಟರು ಕೇಳಿದರು, "ನಿಮ್ಮ ದನ ಕಳೆದ ಸಲ ಬೆದೆಗೆ ಬಂದದ್ದು ಯಾವಾಗ?" ಮುಂದಿನ ಸಾಲಿನವರೊಬ್ಬರು ಮೊಬೈಲ್ ತೆಗೆದು ಮನೆಗೆ ಫೋನ್ ಮಾಡಿ ಹೆಂಡತಿಯನ್ನು ಕೇಳಿದರು. ಎಲ್ಲರೂ ನಕ್ಕರು, ಮಾವನೂ ನಕ್ಕರು. ನನಗೆ ಮೈ ಉರಿಯಿತು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ ಇಂಜೆಕ್ಷನ್ ಆಗಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ, ಆಮೇಲೆ ಕೊಟ್ಟು ಪ್ರಯೋಜನ ಕಡಿಮೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಖನಿಜ ಮಿಶ್ರಣದ ಬಗ್ಗೆ ಹೇಳಿದ್ದು ಒಂದೇ ಸಲ. ಮಾವನಿಗೆ ಕೇಳಿಸಿದ್ದು ಖನಿಜ ಮಿಶ್ರಣ ಮಾತ್ರ. ಬರುವಾಗ ಒಂದು ಪ್ಯಾಕೆಟ್ ತಂದು ನನ್ನ ಕೈಗೆ ಕೊಟ್ಟು, "ನೀನು ಹಾಕುವ ಹಿಂಡಿಯಲ್ಲೇ ಏನೋ ಕೊರತೆ ಉಂಟು" ಎಂದರು.

ಮೂರನೆಯ ಸಲದ್ದೂ ನಿಲ್ಲುವುದಿಲ್ಲವೆಂದು ತೀರ್ಮಾನಿಸಿ ಮಾವ ಜಗಲಿಯಲ್ಲಿ ಕೂತು ಬಂದವರ ಹತ್ತಿರವೆಲ್ಲ ಹೇಳಿದರು, "ಅದು ಗೊಡ್ಡು ಬಿದ್ದಿದೆ." ಆ ಮಾತನ್ನು ಹೆಂಗಸರ ಎದುರು, ಮಕ್ಕಳ ಎದುರು, ಯಾರ ಎದುರು ಬೇಕಾದರೂ ಹೇಳಬಹುದು. ಅದಕ್ಕೆ ಯಾವ ನಾಚಿಕೆಯೂ ಇಲ್ಲ. ನಾರಾವಿ ಕಡೆಯ ದನದ ವ್ಯಾಪಾರದವರಿಗೆ ಹೇಳಿಯೂ ಆಯಿತು. ಶುಕ್ರವಾರ ಬಂದು ಕೊಂಡೊಯ್ಯುವುದೆಂದು ಮಾತಾಯಿತು. ಹಾಗೆ ಹೋದ ದನ ಮತ್ತೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಗುರುವಾರ ಬೆಳಿಗ್ಗೆ ಹಾಲು ಕರೆಯಲು ಕೂತರೆ, ಕೆಂಪು ದನದ ಬಾಲದಲ್ಲಿ ಲೋಳೆ. ಅತ್ತೆಯನ್ನು ಕರೆದು ತೋರಿಸಿದೆ.

"ಇನ್ನು ಯಾಕೆ ಅದೆಲ್ಲ. ನಾಳೆ ಹೋಗುವ ದನ" ಎಂದರು ಅತ್ತೆ.

ಕೈ ತೊಳೆಯದೆಯೇ ಅಂಗಳಕ್ಕೆ ಬಂದೆ. ಮಾವ ಪೇಪರ್ ಓದುತ್ತಿದ್ದರು. ಅವರ ಎದುರೇ ನಿಂತು ಇಂಜೆಕ್ಷನಿನವರಿಗೆ ಫೋನ್ ಮಾಡಿದೆ. "ನಮ್ಮ ದನ ಬೆದೆಗೆ ಬಂದಿದೆ. ಇವತ್ತು ಸಂಜೆಯೇ ಆಗ್ಬೇಕು" ಎಂದೆ.

"ಮನೆಯಲ್ಲಿ ಗಂಡಸರು ಇಲ್ವಾ ಅಕ್ಕ?"

"ಇದ್ದಾರೆ. ದನ ನೋಡುವವಳು ನಾನು. ನೀವು ಬನ್ನಿ."

ಮಾವ ಪೇಪರ್ ಮಡಚಿ ಒಳಗೆ ಹೋದರು. ಇಂಜೆಕ್ಷನಿನವರು ಸಂಜೆ ಐದಕ್ಕೆ ಬಂದರು, ದನವನ್ನು ಹಿಡಿದುಕೊಂಡದ್ದು ನಾನು. ಶುಕ್ರವಾರ ವ್ಯಾಪಾರದವರ ಗಾಡಿ ಬಂದಾಗ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತು, "ಮೂರು ತಿಂಗಳು ಕಳೆದು ಬನ್ನಿ" ಎಂದೆ. ಗಂಡ ನೆಲ ನೋಡಿದರು. ಗಾಡಿ ಖಾಲಿ ಹೋಯಿತು.

ಮೂರು ತಿಂಗಳಿಗೆ ಡಾಕ್ಟರು ಬಂದು ಕೈ ಹಾಕಿ ನೋಡಿ, "ಗಬ್ಬ ಉಂಟು" ಎಂದರು. ಮಾವ ಜಗಲಿಯಿಂದ, "ಆ ಖನಿಜ ಮಿಶ್ರಣ ಒಳ್ಳೆಯದು ಮಾರಾಯ್ರೆ" ಎಂದರು. ಕೈಯಲ್ಲಿದ್ದ ಬಕೆಟ್ ಎಸೆಯಬೇಕೆನಿಸಿತು. ಎಸೆಯಲಿಲ್ಲ.

ಡಾಕ್ಟರು ಹೋದ ಮೇಲೆ ಅತ್ತೆ ಹಟ್ಟಿಗೆ ಬಂದು ದನದ ಬೆನ್ನು ಸವರುತ್ತಾ ನಿಂತರು. ನಾನು ಈ ಮನೆಗೆ ಬರುವ ಮೊದಲು ಗೊಡ್ಡೆಂದು ಕೊಟ್ಟ ದನಗಳನ್ನು ಒಂದೊಂದಾಗಿ ಹೇಳಿದರು. ಹಣೆಯಲ್ಲಿ ಬಿಳಿ ಇದ್ದದ್ದು. ಒಂದು ಕೊಂಬು ಮುರಿದದ್ದು. ಅವರ ತವರಿನಿಂದ ಜೊತೆಗೆ ಬಂದ ಕಪ್ಪು ದನ.

"ಯಾವುದೂ ಗೊಡ್ಡಲ್ಲ ಮಗಾ" ಎಂದರು. "ಎಲ್ಲದರ ಬೆದೆಯನ್ನೂ ನಾನು ಬೆಳಿಗ್ಗೆಯೇ ನೋಡಿದ್ದೆ."