ಮಲ್ಲಿಗೆ ಬುಟ್ಟಿಯೂ ಪೇತ್ರನ ಪತ್ರವೂ

ಹೂವಿನಹಡಗಲಿಯಲ್ಲಿ ಬಸ್ಸಿಳಿದ ದಿನ ನನಗೆ ತಲೆನೋವು ಹಿಡಿಯಿತು. ಊರಿಗೆ ಊರೇ ಮಲ್ಲಿಗೆ ವಾಸನೆ. ಬೀದರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಹೆಂಗಸರು ಹೂವು ಮುಡಿಯುವುದಿಲ್ಲ; ನಲವತ್ತು ವರ್ಷ ಅದನ್ನು ಮುಟ್ಟದವಳು ನಾನು. ಇಲ್ಲಿ ಮಗಳು ರೂತಳ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ಹೂವು.

ಮೊಣಕಾಲು ಸೋತವು, ಅದಕ್ಕೇ ಮಗಳ ಮನೆಗೆ ಬಂದೆ. ರೊಟ್ಟಿ ಅಲ್ಲೂ ಜೋಳದ್ದೇ, ಇಲ್ಲೂ ಜೋಳದ್ದೇ. ಹೂವನ್ನು ಇಲ್ಲಿ ಮಾರಿನ ಲೆಕ್ಕದಲ್ಲಿ ಕಟ್ಟುತ್ತಾರೆ; ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು. ಅಲ್ಲಿ ಹರಟಲು ಇಡೀ ಓಣಿಯಿತ್ತು. ಇಲ್ಲಿ ಸಿಕ್ಕವಳು ಬೀಗತಿ ಸಾರಮ್ಮ ಒಬ್ಬಳೇ, ರೂತಳ ಅತ್ತೆ. ಆಕೆಯನ್ನೂ ಕಳೆದುಕೊಳ್ಳುವುದರಲ್ಲಿದ್ದೆ.

ಸುಗ್ಗಿ ಹಬ್ಬಕ್ಕೆ ಇಲ್ಲಿಯ ಕ್ರೈಸ್ತರು ಬೆಳೆದದ್ದರಲ್ಲಿ ಮೊದಲ ಪಾಲನ್ನು ಚರ್ಚಿಗೆ ಒಯ್ಯುತ್ತಾರೆ. ಜೋಳ, ಕುಂಬಳ, ಕೋಳಿ. ಸಾರಮ್ಮ ಒಯ್ಯುವುದು ಒಂದು ಬುಟ್ಟಿ ಮಲ್ಲಿಗೆ, ಮುಡಿದದ್ದು ಬೇರೆ. ಹಬ್ಬದ ಹಿಂದಿನ ದಿನ ನಾನು ಬಾಯಿಬಿಟ್ಟೆ: “ಹೂವು ದೇವರಿಗಿ ಸೇರಂಗಿಲ್ರಿ. ಬೈಬಲ್‌ದಾಗ, ಪೇತ್ರನ ಪತ್ರದಾಗ ಬರ್ದದ.”

ಸಾರಮ್ಮ ಬುಟ್ಟಿ ಕೆಳಗಿಟ್ಟಳು. “ಹಂಗಾದ್ರ ನಾನೂ ಬರಂಗಿಲ್ಲ ಬಿಡ್ರಿ, ಬೀಗರ. ನಮ್ಮ ಹೊಲದಾಗ ಆತ ಕೊಟ್ಟಿದ್ದು ಇದೊಂದ. ಇದು ಬ್ಯಾಡಾದ್ರ ಆತಗ ನಾನ್ಯಾಕ ಬೇಕು?”

ರೂತ ಬೈಬಲ್ ತಂದು ನನ್ನ ತೊಡೆಯ ಮೇಲಿಟ್ಟಳು. “ಎಲ್ಲೈತಿ ಓದು, ಯವ್ವಾ.”

ನಾನು ಕಲಿತದ್ದು ಮೂರನೆಯ ತರಗತಿ. ವಾಕ್ಯಗಳನ್ನು ಕಿವಿಯಿಂದ ಕಲಿತವಳು, ಕಣ್ಣಿಂದಲ್ಲ. ಬೆರಳಿಟ್ಟು ಓದಿದೆ. ಹೆಂಗಸರಿಗೆ ಬೇಡವೆಂದ ಸಿಂಗಾರದಲ್ಲಿ ಜಡೆ ಇತ್ತು, ಚಿನ್ನ ಇತ್ತು, ಬಟ್ಟೆ ಇತ್ತು. ಹೂವು ಇರಲಿಲ್ಲ. ಇನ್ನೊಮ್ಮೆ ಓದಿದೆ. ಇರಲಿಲ್ಲ. ಇವೆಲ್ಲ ಹೊರಗಿನ ಸಿಂಗಾರ, ಒಳಗಿನ ಸೌಮ್ಯ ಮನಸ್ಸೇ ಬೆಲೆಯುಳ್ಳದ್ದು ಎಂದು ಮುಂದೆ ಇತ್ತು.

ಸಾರಮ್ಮ ಬಗ್ಗಿ ಇಣುಕಿದಳು. “ಬಟ್ಟಿನೂ ಐತಲ್ಲ! ನಾಳಿ ಬಿಚ್ಚಿಟ್ಟು ಬರ್ತೀರೇನ್ರಿ?”

ರೂತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಇದ್ದ ಬಟ್ಟೆಯನ್ನು ಬಿಟ್ಟು ಇಲ್ಲದ ಹೂವನ್ನು ಹಿಡಿದು ಕೂತಿದ್ದೆ. ಸೌಮ್ಯ ಮನಸ್ಸಿನ ಗೊಡವೆಗಂತೂ ಹೋಗಿರಲೇ ಇಲ್ಲ.

“ತಪ್ಪಾಯ್ತ್ರಿ ನಂದು. ನಾಳಿ ನೀವು ಬರಬೇಕು.”

“ಹಂಗಾರ ಬುಟ್ಟಿ ಒಂದು ಕಡೆ ನೀವು ಹಿಡೀರಿ.”

ಮರುದಿನ ಹಿಡಿದೆ. ಚರ್ಚಿನ ಅಯ್ಯನವರು ಅದನ್ನು ಕುಂಬಳದ ಪಕ್ಕದಲ್ಲೇ ಇಟ್ಟು ಪ್ರಾರ್ಥಿಸಿದರು.

ನಾನಿನ್ನೂ ಹೂವು ಮುಡಿದಿಲ್ಲ. ಈ ತಲೆಗೆ ಒಗ್ಗುವುದಿಲ್ಲ. ಬೀದರಿನ ಸಭೆಯ ಅಕ್ಕತಂಗಿಯರೇ, ಅಲ್ಲಿಗೆ ಬಂದಾಗ ನಿಮ್ಮಂತೆಯೇ ಹೂವಿಲ್ಲದೆ ಕೂರುತ್ತೇನೆ. ಆದರೆ ಮುಡಿದು ಬಂದ ಹೆಣ್ಣನ್ನು ಹಿಂದಿನ ಸಾಲಿಗೆ ಕಳಿಸಿದರೆ, ನಾನೂ ಎದ್ದು ಅವಳ ಜೊತೆ ಹೋಗುತ್ತೇನೆ. ಇಷ್ಟು ವರ್ಷ ಹಾಗೆ ಕಳಿಸುತ್ತಿದ್ದವಳು ನಾನೇ ಅಲ್ಲವೇ.