ಹೊರಗಿನ ಚಿಲಕ

ಸಂಬಳದ ಚೀಟಿಯಲ್ಲಿ ಅವರು ದೈಹಿಕ ಶಿಕ್ಷಣ ನಿರ್ದೇಶಕರು. ಆದರೆ ಅಷ್ಟುದ್ದ ಹೇಳುವ ಪುರುಸೊತ್ತು ಆ ವಿಶ್ವವಿದ್ಯಾಲಯದಲ್ಲಿ ಯಾರಿಗೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಡ್ರಿಲ್ ಮೇಷ್ಟ್ರು. ಅವರ ಗಂಟಲು ಎಂಥದ್ದೆಂದರೆ, ಮೈದಾನದ ಆ ತುದಿಯಲ್ಲಿ ನಿಂತು ಗದರಿದರೆ ಗ್ರಂಥಾಲಯದಲ್ಲಿ ಪುಸ್ತಕದ ಮೇಲೆ ತೂಕಡಿಸುತ್ತಿದ್ದವರು ಎದ್ದು ಕೂರುತ್ತಿದ್ದರು. ಅವರಿಗೂ ಅದೇ ಹೆಮ್ಮೆ. ಗದರಿದರೆ ಆಗದ ಕೆಲಸವಿಲ್ಲ ಎಂದು ನಂಬಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದರು.

ಸೋಂಕು ಹಬ್ಬಿ ತರಗತಿಗಳು ನಿಂತಾಗ ಹೆಚ್ಚಿನ ವಿದ್ಯಾರ್ಥಿಗಳು ಸಿಕ್ಕಿದ ಬಸ್ಸು ಹತ್ತಿ ಮನೆ ಸೇರಿಕೊಂಡರು. ಹೋಗಲಾಗದವರು ಉಳಿದರು. ಒಬ್ಬನ ಊರಿನ ದಾರಿ ಮುಚ್ಚಿತ್ತು, ಇನ್ನೊಬ್ಬಳ ಮನೆಯಲ್ಲಿ ಆಗಲೇ ಎಲ್ಲರೂ ಹಾಸಿಗೆ ಹಿಡಿದಿದ್ದರು, ಕೆಲವರಿಗೆ ಹೋಗಲು ಮನೆ ಎಂಬುದೇ ಇರಲಿಲ್ಲ. ವಿಶ್ವವಿದ್ಯಾಲಯ ಅವರ ಕೈಬಿಡಲಿಲ್ಲ. ಹುಡುಗರಿಗೊಂದು, ಹುಡುಗಿಯರಿಗೊಂದು ಹಾಸ್ಟೆಲ್ ತೆರೆದಿಟ್ಟು ಕೋಣೆಗೊಬ್ಬರಂತೆ ಇರಿಸಿತು. ಊಟದ ಪೊಟ್ಟಣಗಳನ್ನು ಪ್ರತಿ ಮಹಡಿಯ ಮೇಜಿನ ಮೇಲೆ ಇಟ್ಟು ಹೋಗುವ ಏರ್ಪಾಡಾಯಿತು. ಮನಸ್ಸು ಕುಗ್ಗಿದವರಿಗೆ ಮನಶ್ಶಾಸ್ತ್ರದ ಅಧ್ಯಾಪಕಿಯರು ಫೋನಿನಲ್ಲಿ ಸಿಗುತ್ತಿದ್ದರು. ಸೋಂಕು ತಗುಲಿದವರಿಗೆಂದು ಒಳಾಂಗಣ ಕ್ರೀಡಾಂಗಣವೇ ಆರೈಕೆ ಕೇಂದ್ರವಾಯಿತು. ಅದನ್ನು ನೋಡಿಕೊಳ್ಳಲು ಯಾರು? ಆಟವಿಲ್ಲದೆ ಕೈಕಟ್ಟಿ ಕೂತಿದ್ದವರು ಡ್ರಿಲ್ ಮೇಷ್ಟ್ರೇ ತಾನೆ.

ಮೇಷ್ಟ್ರು ಬ್ಯಾಡ್ಮಿಂಟನ್ ಅಂಕಣದ ಗೆರೆಗಳನ್ನೇ ಅಳತೆ ಮಾಡಿಕೊಂಡು ಮಂಚಗಳನ್ನು ಹಾಕಿಸಿದರು. ತಾವು ಆಟದ ಸಾಮಾನಿನ ಕೋಣೆಯಲ್ಲಿ, ವಾಲಿಬಾಲ್‌ಗಳ ಚೀಲಗಳ ನಡುವೆ ಚಾಪೆ ಹಾಸಿಕೊಂಡರು. ಮನೆಗೆ ಹೋಗುವಂತಿರಲಿಲ್ಲ. ಅತ್ತೆಗೆ ಉಬ್ಬಸ. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಹೆಂಡತಿ ಎರಡು ದಿನಕ್ಕೊಮ್ಮೆ ಗೇಟಿನ ಹತ್ತಿರ ಬಂದು ಒಗೆದ ಬಟ್ಟೆಯ ಚೀಲ ಇಟ್ಟು ಹಿಂದೆ ಸರಿಯುತ್ತಿದ್ದರು.

"ಅಮ್ಮ ಕೇಳ್ತಿದ್ರು, ಅಳಿಯಂದ್ರು ಚೆಂಡುಗಳ ಜೊತೆ ಮಲಗ್ತಾರಂತೆ, ರಾತ್ರಿ ಪುಟಿಯಲ್ವಾ ಅಂತ," ಎಂದರು ಒಮ್ಮೆ.

ಮೇಷ್ಟ್ರು ನಕ್ಕರು. ಆದರೆ ಚೀಲ ಎತ್ತಿಕೊಳ್ಳುವ ಮುಂಚೆ ಅದರ ಹಿಡಿಗೆ ಔಷಧಿ ಸಿಂಪಡಿಸಿದರು. ಹೆಂಡತಿಯ ಕೈ ತಾಗಿದ ಹಿಡಿಗೆ. ಅದನ್ನು ಆಕೆ ನೋಡಿದರು. ಯಾರಿಗೂ ಹೇಳದ ಒಂದು ಮಾತು ಮೇಷ್ಟ್ರೊಳಗೆ ಇತ್ತು. ಅವರಿಗೆ ವಿಪರೀತ ಹೆದರಿಕೆಯಾಗುತ್ತಿತ್ತು. ಬಾಗಿಲ ಹಿಡಿ, ನಲ್ಲಿಯ ತಿರುಪು, ಎದುರಿಗೆ ಬಂದವರ ಒಂದು ಕೆಮ್ಮು, ಯಾವುದು ಕಂಡರೂ ಕೈ ಔಷಧಿಯ ಬಾಟಲಿ ಹುಡುಕುತ್ತಿತ್ತು.

ಒಂದು ದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಫೋನು ಬಂತು. ಚಿಕ್ಕ ವಯಸ್ಸಿನವರು, ಮಾತು ಯಾವಾಗಲೂ ತಣ್ಣಗೆ. ಅಂದು ಹಾಗಿರಲಿಲ್ಲ.

"ಮೇಷ್ಟ್ರೇ, ಗಣಿತದ ಎಂ.ಎಸ್ಸಿ. ಹುಡುಗ ಒಬ್ಬನಿಗೆ ಪಾಸಿಟಿವ್ ಬಂದಿದೆ. ಎರಡನೇ ಮಹಡಿ, ಕೊನೇ ಕೋಣೆ. ರಿಪೋರ್ಟು ನಿನ್ನೆ ಸಾಯಂಕಾಲವೇ ಬಂದಿತ್ತಂತೆ, ಆಫೀಸಿನವರು ನನಗೆ ಈಗ ಕಳಿಸಿದ್ದಾರೆ. ಅವನ ಫೋನು ಹತ್ತುತ್ತಿಲ್ಲ. ಬೇಗ ಕರ್ಕೊಂಡು ಬನ್ನಿ."

ಮೇಷ್ಟ್ರು ರಕ್ಷಣಾ ಉಡುಪು ತೊಟ್ಟು, ಕ್ರೀಡಾ ತಂಡದ ವ್ಯಾನಿನಲ್ಲಿ ಡ್ರೈವರನ ಜೊತೆ ಹಾಸ್ಟೆಲಿಗೆ ಹೋದರು. ಮೆಟ್ಟಿಲ ಬುಡದಲ್ಲೇ ಹುಡುಗರು ಗುಂಪುಕಟ್ಟಿ ನಿಂತಿದ್ದರು. ಇವರನ್ನು ಕಂಡದ್ದೇ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

"ಎಲ್ಲಿದ್ದಾನೋ ಅವನು?"

"ರೂಮಲ್ಲೇ ಇದಾನೆ ಸರ್. ಎಲ್ಲೂ ಹೋಗಲ್ಲ," ಎಂದ ಒಬ್ಬ. ಪಕ್ಕದವನು ಅವನನ್ನು ಮೊಣಕೈಯಿಂದ ತಿವಿದ.

ಎಲ್ಲೂ ಹೋಗಲ್ಲ ಎಂದರೆ ಏನೆಂದು ಮೇಲೆ ಹೋದ ಮೇಲೆ ಗೊತ್ತಾಯಿತು. ಕೊನೆಯ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅದಕ್ಕೊಂದು ಬೀಗ ಜಡಿದಿದ್ದರು.

ಮೇಷ್ಟ್ರು ಮುಷ್ಟಿಯಿಂದ ಬಾಗಿಲು ಬಡಿದರು. "ಏ ಹುಡುಗ, ಒಳಗಿದ್ದೀಯೇನೋ?"

ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಕ್ಷೀಣವಾದ ದನಿ. "ಇದೀನಿ ಸರ್. ನೀರು ಖಾಲಿ ಆಗಿದೆ."

"ಯಾವಾಗಿಂದ ಬೀಗ ಹಾಕಿದೆ?"

"ಗೊತ್ತಿಲ್ಲ ಸರ್. ನಿನ್ನೆ ಊಟ ತರೋಕೆ ಎದ್ದೆ, ಬಾಗಿಲು ಬರ್ಲಿಲ್ಲ. ಚಾರ್ಜರ್ ಕೆಟ್ಟು ಫೋನೂ ಆಫ್ ಆಗಿತ್ತು. ಕೂಗಿದೆ." ಮಾತಿನ ನಡುವೆ ಉಸಿರು ಎಳೆದುಕೊಳ್ಳುವ ಸದ್ದು ಬಾಗಿಲ ಈಚೆಗೂ ಕೇಳುತ್ತಿತ್ತು. ಓಟಗಾರರ ಏದುಸಿರು ಕೇಳಿ ಬಲ್ಲ ಮೇಷ್ಟ್ರಿಗೆ ಅದು ಓಡಿ ಬಂದವನ ಉಸಿರಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅವರು ತಿರುಗಿ ನಿಂತರು. ಕಾರಿಡಾರಿನ ಆ ತುದಿಯಲ್ಲಿ ಹುಡುಗರು ಸೇರಿದ್ದರು.

"ಯಾರು ಹಾಕಿದ್ದು ಬೀಗ? ಕೀಲಿ ತೆಗೀರಿ ಈಚೆಗೆ!"

ಗೋಡೆಗಳು ಅದುರುವಂತೆ ಗದರಿದರು. ಇಡೀ ವಿಶ್ವವಿದ್ಯಾಲಯ ಆ ದನಿಗೆ ಸಾಲಾಗಿ ನಿಂತದ್ದಿದೆ. ಇಂದು ಒಬ್ಬನೂ ಮುಂದೆ ಬರಲಿಲ್ಲ. ಬದಲಿಗೆ ಇಡೀ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಕಿರುಚಿದ ರಭಸಕ್ಕೆ ಅವರ ಮಾಸ್ಕು ಗದ್ದಕ್ಕೆ ಜಾರಿತ್ತು. ಹುಡುಗರು ಹೆದರಿದ್ದು ಅವರ ದನಿಗಲ್ಲ, ಅವರ ಬಾಯಿಗೆ.

"ಅವನನ್ನು ಈ ಕಾರಿಡಾರಲ್ಲಿ ಕರ್ಕೊಂಡು ಹೋಗ್ಬೇಡಿ ಸರ್," ಎಂದು ಹಿಂದಿನಿಂದ ಯಾರೋ ಕೂಗಿದರು. "ನಾವೆಲ್ಲ ಇಲ್ಲೇ ಓಡಾಡ್ಬೇಕು."

"ಮತ್ತೆ ಎಲ್ಲಿಂದ ಇಳಿಸಲಿ? ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸಲಾ?"

ಬಾಗಿಲ ಹಿಂದೆ ಏನೋ ದೊಪ್ಪೆಂದು ಬಿದ್ದ ಸದ್ದಾಯಿತು.

"ಏ ಹುಡುಗ?"

ಉತ್ತರವಿಲ್ಲ. ಮತ್ತೆ ಬಡಿದರು. ಇಲ್ಲ. ಮೇಷ್ಟ್ರು ಮಾಸ್ಕು ಮೇಲೆಳೆದುಕೊಂಡು, ದನಿ ತಗ್ಗಿಸಿ, ಅವರಿಗೆ ರೂಢಿಯೇ ಇಲ್ಲದ ರೀತಿಯಲ್ಲಿ ಮಾತಾಡಿದರು.

"ನೋಡ್ರಪ್ಪ, ನಿಮಗೆ ಹೆದರಿಕೆ. ನನಗೂ ಹೆದರಿಕೆ ಇದೆ, ಸುಳ್ಳು ಹೇಳಲ್ಲ. ಎಲ್ಲರೂ ನಿಮ್ಮ ನಿಮ್ಮ ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ನಾನು ಗೋಡೆ ಕಡೆ ತಿರುಗಿ ನಿಲ್ತೀನಿ. ಕೀಲಿ ಇರೋನು ಹೊರಗೆ ಎಸೀಲಿ. ನಾನು ನೋಡಲ್ಲ. ಆದ್ರೆ ಬೇಗ ಎಸೀಲಿ."

ಗೋಡೆಗೆ ಮುಖ ಮಾಡಿ ನಿಂತರು. ಹಿಂದೆ ಚಪ್ಪಲಿಗಳ ಸದ್ದು, ಬಾಗಿಲುಗಳು ಮುಚ್ಚುವ ಸದ್ದು, ಆಮೇಲೆ ಏನೂ ಇಲ್ಲ. ಉಡುಪಿನೊಳಗೆ ಬೆವರು ಬೆನ್ನ ಮೇಲೆ ಇಳಿಯುತ್ತಿತ್ತು. ಕೀಲಿ ಬರಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು, ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಿತ್ತು ಬೀಗದ ಮೇಲೆ ಎತ್ತಿ ಹಿಡಿದರು.

ಆಗ ಪಕ್ಕದ ಕೋಣೆಯ ಬಾಗಿಲ ಸಂದಿನಿಂದ ಕೀಲಿಯೊಂದು ಸರ್ರನೆ ಜಾರಿ ಅವರ ಕಾಲ ಬಳಿ ಬಂದು ನಿಂತಿತು.

ಆ ಕೋಣೆ ಯಾರದೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಅದು ಜಿಂಕೆಯ ಕೋಣೆ. ವಿಶ್ವವಿದ್ಯಾಲಯದ ಅತಿ ವೇಗದ ಓಟಗಾರ. ಮೇಷ್ಟ್ರು ಬೆಳಗಿನ ಜಾವ ಎಬ್ಬಿಸಿ, ಬೈದು, ಓಡಿಸಿ, ಮಗನಂತೆ ತಯಾರು ಮಾಡಿದ ಹುಡುಗ. ಜಿಂಕೆ ಎಂಬ ಅಡ್ಡಹೆಸರು ಇಟ್ಟವರೂ ಅವರೇ. ಒಂದು ಗಳಿಗೆ ಕೀಲಿಯನ್ನು ನೋಡುತ್ತ ನಿಂತರು. ಆಮೇಲೆ ಬಗ್ಗಿ ಎತ್ತಿಕೊಂಡರು.

ಗಣಿತದ ಹುಡುಗ ಮಂಚದ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು, ಕಣ್ಣು ಅರೆ ತೆರೆದಿತ್ತು. ನಡೆಸಿಕೊಂಡು ಹೋಗುವ ಮಾತೇ ಇರಲಿಲ್ಲ. ಮೇಷ್ಟ್ರ ಕಾಲುಗಳು ಹೊಸ್ತಿಲಲ್ಲಿ ನಿಂತುಬಿಟ್ಟವು. ಅತ್ತೆಯ ಏದುಸಿರು ಕಿವಿಯಲ್ಲಿ ಕೇಳಿದಂತಾಯಿತು. ಆ ನಿಂತದ್ದು ಎಷ್ಟು ಹೊತ್ತೋ, ಬಹಳ ಇರಲಾರದು, ಆದರೆ ಅವರು ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಆಮೇಲೆ ಒಳಗೆ ಹೋಗಿ ಹುಡುಗನನ್ನು ಎಬ್ಬಿಸಿ ಬೆನ್ನಿಗೆ ಹಾಕಿಕೊಂಡರು. ಎತ್ತುವಾಗ ಉಡುಪಿನ ತೋಳು ಮಂಚದ ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಹುಡುಗನ ಬಿಸಿ ಉಸಿರು ನೇರ ಕುತ್ತಿಗೆಗೆ ತಾಗುತ್ತಿತ್ತು.

ಕಾರಿಡಾರಿನ ಉದ್ದಕ್ಕೂ ಬಾಗಿಲುಗಳು ಮುಚ್ಚಿದ್ದವು. ಮೇಷ್ಟ್ರು ಮೆಟ್ಟಿಲಿಳಿದು ವ್ಯಾನಿನ ಬಳಿ ಬಂದಾಗ ಡ್ರೈವರ್ ಹರಿದ ತೋಳನ್ನು ನೋಡಿದ.

"ಮೇಷ್ಟ್ರೇ, ನಿಮ್ಮ ಡ್ರೆಸ್ಸು..."

"ನೋಡ್ದೆ ಕಣಯ್ಯ. ಗಾಡಿ ಬಿಡು."

ಕ್ರೀಡಾಂಗಣದಲ್ಲಿ ಡಾಕ್ಟರಮ್ಮ ಆಮ್ಲಜನಕ ಕೊಟ್ಟರು. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಅಂಕಿ ಏರಲೊಲ್ಲದು. "ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ, ದೊಡ್ಡಾಸ್ಪತ್ರೆಗೆ ಹೋಗ್ಲೇಬೇಕು," ಎಂದರು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಮೇಷ್ಟ್ರು ಕುಲಸಚಿವೆಗೆ ಫೋನು ಮಾಡಿದರು. ಆಡಳಿತವೆಲ್ಲ ಅವರ ಕೈಯಲ್ಲಿತ್ತು. ನಗು ಕಡಿಮೆ, ಮಾತು ಇನ್ನೂ ಕಡಿಮೆ.

"ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ?" ಎಂದಷ್ಟೇ ಕೇಳಿದರು.

"ಮಧ್ಯಾಹ್ನದವರೆಗೆ ಅಂತಾರೆ ಡಾಕ್ಟರಮ್ಮ."

"ಸರಿ. ಫೋನು ಕೈಯಲ್ಲೇ ಇಟ್ಕೊಂಡಿರಿ."

ಆ ಹೊತ್ತು ಕಳೆಯುವುದು ಬಹಳ ಕಷ್ಟವಾಯಿತು. ಡಾಕ್ಟರಮ್ಮ ಹುಡುಗನನ್ನು ಬೋರಲು ಮಲಗಿಸಿ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು. ಮೇಷ್ಟ್ರು ಸಿಲಿಂಡರಿನ ಮುಳ್ಳು ಕೆಳಗಿಳಿಯುವುದನ್ನೇ ನೋಡುತ್ತ, ಫೋನನ್ನು ಹಿಂಡಿ ಹಿಡಿದಿದ್ದರು. ಹುಡುಗನ ತಂದೆ ಲಾರಿ ಡ್ರೈವರ್, ಎಲ್ಲೋ ದೂರದ ರಸ್ತೆಯಲ್ಲಿ ಸಿಕ್ಕಿಬಿದ್ದಿದ್ದ. ಅವನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದರು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಾಗ ಫೋನು ಅದುರಿತು.

"ಹಾಸಿಗೆ ಸಿಕ್ಕಿದೆ. ಆಂಬುಲೆನ್ಸ್ ಗೇಟು ದಾಟಿ ಬರ್ತಿದೆ," ಎಂದರು ಕುಲಸಚಿವೆ. ಅದಕ್ಕಾಗಿ ಅವರು ಯಾರ ಯಾರ ಕಾಲು ಹಿಡಿದರೋ, ಯಾರ ಮೇಲೆ ಹರಿಹಾಯ್ದರೋ, ಎಂದೂ ಹೇಳಿಕೊಳ್ಳಲಿಲ್ಲ.

ಆಂಬುಲೆನ್ಸ್ ಹೋದ ಮೇಲೆ ಡಾಕ್ಟರಮ್ಮ ಮೇಷ್ಟ್ರ ತೋಳಿನ ಕಡೆ ಬೆರಳು ತೋರಿಸಿ, "ನೀವೂ ಈಗ ಒಂದು ಮಂಚ ಹಿಡೀರಿ. ಎಲ್ಲರಿಂದ ದೂರ," ಎಂದರು. ತಾವೇ ಹಾಕಿಸಿದ ಮಂಚದ ಮೇಲೆ ಮೇಷ್ಟ್ರು ಕೂತರು. ಹೆಂಡತಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಆಕೆ, "ಅಮ್ಮನಿಗೆ ಹೇಳಲ್ಲ ಬಿಡಿ," ಎಂದಷ್ಟೇ ಅಂದರು.

ಸಂಜೆ ಕ್ರೀಡಾಂಗಣದ ಕಿಟಕಿಯ ಹೊರಗೆ ಜಿಂಕೆ ಬಂದು ನಿಂತ. ಮೇಷ್ಟ್ರು ಎದ್ದು ಹೋಗಲಿಲ್ಲ, ಮಂಚದಿಂದಲೇ ನೋಡಿದರು.

"ನಿನ್ನೆ ಫೋನಿಗೆ ರಿಪೋರ್ಟಿನ ಮೆಸೇಜು ಬಂದ ತಕ್ಷಣ ಅವನೇ ನನಗೆ ಹೇಳ್ದ ಸರ್," ಎಂದ ಜಿಂಕೆ. "ಗೆಳೆಯ ಅಂತ ಮೊದಲು ನನಗೇ ಹೇಳ್ದ. ಆಫೀಸಿಂದ ಯಾರಾದ್ರೂ ಬರ್ತಾರೆ ಅಂತ ಕಾದೆ. ಯಾರೂ ಬರ್ಲಿಲ್ಲ. ಊಟದ ಹೊತ್ತಿಗೆ ಅವನು ಹೊರಗೆ ಬಂದು ಮೇಜು ಮುಟ್ತಾನೆ ಅಂತ ಹೆದರಿಕೆ ಆಯ್ತು. ಒಂದ್ಸಲ ಬೀಗ ಹಾಕಿದ್ಮೇಲೆ ತೆಗೆಯೋಕೆ ಇನ್ನೂ ಹೆದರಿಕೆ ಆಯ್ತು."

"ಕೂಗಿದ್ನಂತಲ್ಲ ಅವನು. ಕೇಳಿಸ್ಲಿಲ್ವಾ?"

ಜಿಂಕೆ ತಲೆ ತಗ್ಗಿಸಿದ. "ಕೇಳಿಸ್ತು ಸರ್. ಇಯರ್‌ಫೋನ್ ಹಾಕ್ಕೊಂಡೆ."

ಮೇಷ್ಟ್ರಿಗೆ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅದೇ ಉಸಿರಿನಲ್ಲಿ, ಹೊಸ್ತಿಲಲ್ಲಿ ನಿಂತುಬಿಟ್ಟ ತಮ್ಮ ಕಾಲುಗಳೂ ನೆನಪಾದವು. ಆದರೆ ಅದು ಬೇರೆ, ಇದು ಬೇರೆ.

"ನನ್ನ ಹತ್ರ ಹೇಳಿದ್ರೆ ಆಗಲ್ಲ," ಎಂದರು. "ಕುಲಸಚಿವರ ಹತ್ರ ಹೋಗಿ ಹೇಳು. ನೀನು ಹೇಳ್ತೀಯೋ, ನಾನು ಹೇಳ್ಲೋ?"

"ತಂಡದಿಂದ ತೆಗೀತಾರೆ ಸರ್."

"ತೆಗೀಲಿ."

ಜಿಂಕೆ ಹೋಗಿ ಹೇಳಿದ. ತಂಡದಿಂದ ತೆಗೆದರು. ಮೇಷ್ಟ್ರು ಶಿಫಾರಸಿಗೆ ಹೋಗಲಿಲ್ಲ. ಆದರೆ ಕುಲಸಚಿವೆ ಫೋನು ಮಾಡಿದಾಗ ಇನ್ನೊಂದು ಮಾತನ್ನು ನೇರವಾಗಿ ಹೇಳಿದರು.

"ಮೇಡಂ, ಬೀಗ ಹಾಕಿದ್ದು ಅವನ ತಪ್ಪು. ಆದ್ರೆ ಸಾಯಂಕಾಲ ಬಂದ ರಿಪೋರ್ಟು ಬೆಳಿಗ್ಗೆವರೆಗೂ ನಮ್ಮ ಆಫೀಸಿನಲ್ಲೇ ಕೊಳೀತಾ ಇತ್ತು. ಅದು ಯಾರ ತಪ್ಪು?"

ಕುಲಸಚಿವೆ, "ನಮ್ಮದು," ಎಂದರು. "ಏನು ಮಾಡಬೇಕು ಹೇಳಿ."

ಅಂದಿನಿಂದ ವರದಿ ಮೊದಲು ಡಾಕ್ಟರಮ್ಮನಿಗೇ ಬರತೊಡಗಿತು, ಬಂದ ಕೂಡಲೇ ಯಾರಾದರೊಬ್ಬರು ಸೋಂಕು ತಗುಲಿದವರ ಕೋಣೆಯ ಮುಂದೆ ಇರುತ್ತಿದ್ದರು. ಊಟದ ಪೊಟ್ಟಣ ಮೇಜಿನ ಮೇಲಲ್ಲ, ಬಾಗಿಲಿಗೇ ಹೋಯಿತು. ಕೊಡುವವರು ಬಾಗಿಲು ಬಡಿದು, ಒಳಗಿನವರ ದನಿ ಕೇಳಿಯೇ ಮುಂದೆ ಹೋಗಬೇಕು. ಬಡಗಿಯೊಬ್ಬ ಬಂದು ಎರಡೂ ಹಾಸ್ಟೆಲಿನ ಪ್ರತಿ ಬಾಗಿಲಿನ ಹೊರಗಿನ ಚಿಲಕ ಕಿತ್ತು, ಒಳಗಿನಿಂದ ಯಾವಾಗ ಬೇಕಾದರೂ ತೆಗೆಯಬಹುದಾದ ಬೀಗ ಕೂರಿಸಿದ. ಹುಡುಗರ ಹಾಸ್ಟೆಲಿನಲ್ಲಿ ಊಟ ಹಂಚಲು ಮೊದಲು ಹೆಸರು ಕೊಟ್ಟವನು ಜಿಂಕೆ. ಮೊದಮೊದಲು ಅವನು ಬಡಿದರೆ ಕೆಲವರು ಬಾಗಿಲನ್ನೇ ತೆಗೆಯುತ್ತಿರಲಿಲ್ಲ.

ಮೇಷ್ಟ್ರಿಗೆ ಸೋಂಕು ತಗುಲಿರಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನ ಅವರು ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತರು.

ಗಣಿತದ ಹುಡುಗ ಆಸ್ಪತ್ರೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದ. ವಾರಗಟ್ಟಲೆ ಆದ ಮೇಲೆ ಮರಳಿದಾಗ ಅಂಗಿ ಗೂಟಕ್ಕೆ ನೇತುಹಾಕಿದಂತಿತ್ತು. ಅಷ್ಟರಲ್ಲಿ ಲಾರಿ ಓಡಿಸುವ ತಂದೆಯೂ ಬಂದು ಸೇರಿದ್ದ. ಮಗನನ್ನು ಮನೆಗೆ ಕರೆದ. ಹುಡುಗ, "ಪರೀಕ್ಷೆ ಮುಗಿಸ್ಕೊಂಡೇ ಬರ್ತೀನಪ್ಪ," ಎಂದ. ಕೋಣೆ ಮಾತ್ರ ಬೇರೆ ಮಹಡಿಯಲ್ಲಿ ಕೇಳಿ ಪಡೆದುಕೊಂಡ. ಜಿಂಕೆ ಅವನಲ್ಲಿ ಕ್ಷಮೆ ಕೇಳಿದನಂತೆ. ಇವನು "ಆಯ್ತು" ಎಂದನಂತೆ. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ಮತ್ತೆ ನಡೆಯಲಿಲ್ಲ. ನಡೆಯಲಿ ಎಂದು ಮೇಷ್ಟ್ರೂ ಒತ್ತಾಯಿಸಲಿಲ್ಲ.

ಹುಡುಗರ ಹಾಸ್ಟೆಲ್ ಸುತ್ತಿ ನೋಡುವ ಕೆಲಸವೂ ಈಗ ಮೇಷ್ಟ್ರ ಪಾಲಿಗೇ ಬಂದಿತ್ತು. ಸೋಂಕು ಹರಡದಂತೆ ಎಲ್ಲ ಬಾಗಿಲುಗಳೂ ಮುಚ್ಚಿರಬೇಕೆಂಬುದು ಅವರದೇ ಕಟ್ಟುನಿಟ್ಟಿನ ನಿಯಮ. ಆದರೆ ಗಣಿತದ ಹುಡುಗನ ಬಾಗಿಲು ಎಂದೂ ಪೂರ್ತಿ ಮುಚ್ಚಿರುತ್ತಿರಲಿಲ್ಲ. ಸಂದಿನಲ್ಲೊಂದು ಚಪ್ಪಲಿ ಸಿಕ್ಕಿಸಿಟ್ಟು, ಒಳಗೆ ಕೂತು ಲೆಕ್ಕ ಮಾಡುತ್ತಿದ್ದ. ಮೇಷ್ಟ್ರು ಆ ಬಾಗಿಲ ಮುಂದೆ ಮಾತ್ರ ಗದರದೆ, ಚಪ್ಪಲಿಯನ್ನು ಕಾಲಿನಿಂದ ತಪ್ಪಿಯೂ ಸರಿಸದೆ ಮುಂದೆ ಹೋಗುತ್ತಿದ್ದರು.